ಕೆರೆಯ ಮೇಲೆ ತೇಲಿದ ತಕ್ಕಡಿ



ಮಾಲು ಎಷ್ಟೇ ದೊಡ್ಡ ಪೇಟೆಯಿಂದ ಬಂದಿರಲಿ, ಒಮ್ಮೆ ನಮ್ಮ ತಕ್ಕಡಿಯಲ್ಲಿ ತೂಗಿ ನೋಡುವುದು ವ್ಯಾಪಾರಿಯ ಪದ್ಧತಿ. ಆಕಾಶದ ವಿಷಯದಲ್ಲಿಯೂ ಇಂಥದೇ ಒಂದು ತೂಕ ಕರ್ನಾಟಕದ ನೀರಿನ ಮೇಲೆ ನಡೆಯಿತು.

ನಕ್ಷತ್ರಗಳು ಹುಟ್ಟುವುದು ಅನಿಲದ ಮೋಡಗಳಲ್ಲಿ. ಅನಿಲದಲ್ಲಿ ಹೆಚ್ಚಿನ ಪಾಲು ಹೈಡ್ರೋಜನ್. ಅದು 21 ಸೆಂಟಿಮೀಟರ್ ಉದ್ದದ ಮಂದ ರೇಡಿಯೋ ಅಲೆಯನ್ನು ಸೂಸುತ್ತದೆ, ಇಲ್ಲವೆ ಹೀರುತ್ತದೆ. ವಿಶ್ವ ಹಿಗ್ಗಿದಂತೆ ಅಲೆಯೂ ಹಿಗ್ಗುತ್ತದೆ. ಮೊದಲ ನಕ್ಷತ್ರಗಳ ಕಾಲದ ಅಲೆ, ಅಂದರೆ 1300 ಕೋಟಿ ವರ್ಷಗಳಿಗೂ ಹಿಂದಿನದು, ನಮ್ಮನ್ನು ಮುಟ್ಟುವಾಗ ಸುಮಾರು ನಾಲ್ಕು ಮೀಟರ್ ಆಗಿರುತ್ತದೆ. ಎಷ್ಟು ಹಿಗ್ಗಿದೆ ಎಂಬುದರಿಂದ ಯಾವ ಕಾಲದ್ದೆಂದು ತಿಳಿಯುತ್ತದೆ.

2018ರಲ್ಲಿ ಅಮೆರಿಕದ ವಿಜ್ಞಾನಿಗಳು, ಆಸ್ಟ್ರೇಲಿಯಾದಲ್ಲಿಟ್ಟ ತಮ್ಮ 'ಎಡ್ಜಸ್' ಉಪಕರಣಕ್ಕೆ ಆ ಕಾಲದ ಗುರುತು ಸಿಕ್ಕಿತೆಂದರು. ಗುರುತು ಲೆಕ್ಕಕ್ಕಿಂತ ಎರಡು ಪಟ್ಟಿಗೂ ಮಿಕ್ಕಿತ್ತು. ಅದು ನಿಜವಾದರೆ ಭೌತಶಾಸ್ತ್ರಕ್ಕೆ ಹೊಸ ಪಾಠವನ್ನೇ ಸೇರಿಸಬೇಕಾಗುತ್ತಿತ್ತು.

ಸರ್ ಸಿ. ವಿ. ರಾಮನ್ ಅವರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯವರು 'ಸರಸ್' ಎಂಬ ಉಪಕರಣವನ್ನು ತಾವೇ ತಯಾರಿಸಿದ್ದರು. ನೆಲದ ಮೇಲಿಟ್ಟರೆ ಅಡಿಯ ಮಣ್ಣು ಕಲ್ಲುಗಳ ಪದರು ಲೆಕ್ಕ ಕೆಡಿಸುತ್ತದೆ. ನೀರಾದರೆ ಎಲ್ಲ ಕಡೆ ಒಂದೇ ಸಮ. ಆದ್ದರಿಂದ 2020ರ ಆರಂಭದಲ್ಲಿ ಅದನ್ನು ತೆಪ್ಪದ ಮೇಲೆ ಕೂಡ್ರಿಸಿ ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿ ಹಿನ್ನೀರಿನಲ್ಲಿಯೂ ತೇಲಿಬಿಟ್ಟರು. 2022ರ ಫೆಬ್ರುವರಿಯಲ್ಲಿ ಫಲ ಪ್ರಕಟವಾಯಿತು: ಆ ಗುರುತು ಇವರಿಗೆ ಕಾಣಲಿಲ್ಲ, ಅದು ಆಕಾಶದ್ದಲ್ಲವೆಂದು ಶೇಕಡಾ 95ರ ಭರವಸೆಯಿಂದ ಹೇಳಿದರು.

ಕಾಣಲಿಲ್ಲವೆಂದರೆ ಶ್ರಮ ವ್ಯರ್ಥವೆ? ಇಲ್ಲ. ಕೇಂಬ್ರಿಜ್ ವಿಜ್ಞಾನಿಗಳೊಡನೆ ಕೂಡಿ ಗಣಕಯಂತ್ರದಲ್ಲಿ ಆರಂಭದ ಗೆಲಾಕ್ಸಿಗಳ, ಅಂದರೆ ನಕ್ಷತ್ರಗಳ ಮಹಾಸಮೂಹಗಳ, ಬಗೆಬಗೆಯ ಮಾದರಿ ಕಟ್ಟಿದರು. ಅನಿಲದಲ್ಲಿ ಎಷ್ಟು ಪಾಲು ನಕ್ಷತ್ರವಾದರೆ, ಎಷ್ಟು ರೇಡಿಯೋ ಅಲೆ, ಎಷ್ಟು ಕ್ಷ-ಕಿರಣ ಹೊರಟರೆ, ನಮಗೆ ಎಂಥ ಗುರುತು ಕಾಣಬೇಕು? ಹೀಗೆ ಒಂದೊಂದಕ್ಕೂ ಲೆಕ್ಕ ಹಾಕಿ, ನೀರಿನ ಮೇಲಿನ ಅಳತೆಗೆ ತಾಳೆಯಾಗದ ಮಾದರಿಗಳನ್ನು ಬದಿಗಿಟ್ಟರು. ಉಳಿದವುಗಳಿಂದ 2022ರ ನವೆಂಬರಿನಲ್ಲಿ ಬಂದ ತೀರ್ಮಾನ: ವಿಶ್ವ ಹುಟ್ಟಿ 20 ಕೋಟಿ ವರ್ಷಗಳಾದಾಗ ಇದ್ದ ಗೆಲಾಕ್ಸಿಗಳು ತಮ್ಮ ಅನಿಲದಲ್ಲಿ ಶೇಕಡಾ 3ರಷ್ಟನ್ನೂ ನಕ್ಷತ್ರ ಮಾಡಿರಲಿಲ್ಲ. ನೂರು ರೂಪಾಯಿ ಭಾಂಡವಲದಲ್ಲಿ ಮೂರು ರೂಪಾಯಿ ಕೂಡ ದುಡಿಮೆಗೆ ಹಚ್ಚದ ಅಂಗಡಿಯಂತೆ!

ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಇದರಿಂದ ಕಲಿಯಬೇಕಾದದ್ದಿದೆ. ದೊಡ್ಡವರು ಹೇಳಿದರೆಂದು ಒಪ್ಪಬಾರದು, ಸುಳ್ಳೆಂದು ಜಗಳಕ್ಕೂ ಇಳಿಯಬಾರದು. ತೂಗಿ ನೋಡಬೇಕು. 'ಇಲ್ಲ' ಎಂದು ಬಂದರೆ ಅದನ್ನೂ ಕೀರ್ದಿಯಲ್ಲಿ ಬರೆದಿಡಬೇಕು. ಮುಂದಿನ ಲೆಕ್ಕಕ್ಕೆ ಅದು ಬೇಕಾಗುತ್ತದೆ.