ಸೀಟಿ ಹಿಡಿದ ಹುಡುಗಿ

ನಮ್ಮ ಅಕ್ಕನ ಮಗಳು ಆಟದ ಟೀಚರು. ಹೋದ ವರ್ಷ ಮಾನ್ವಿ ಕಡೆ ಹುಡುಗಿಯರ ಕಬಡ್ಡಿಗೆ ಮೊದಲ ಸಲ ಅಂಪೈರಾಗಿ ನಿಂತಳು. ಎದುರಿಗೆ ೬ ಜನರಾದರೂ ಇದ್ದಾಗ, ದಾಳಿಗೆ ಹೋದವಳು ಬೋನಸ್ ಗೆರೆಯಾಚೆ ಒಂದು ಕಾಲೂರಿ ಇನ್ನೊಂದನ್ನು ಎತ್ತಿದ್ದರೆ ಒಂದು ಅಂಕ. ಇವಳು ಕೈ ನೋಡುತ್ತ ಕಾಲು ನೋಡಲಿಲ್ಲ. ಜನ ಕೂಗಾಡಿದರು. ಮನೆಗೆ ಬಂದು, "ಚಿಕ್ಕಮ್ಮ, ಇನ್ನ ಸೀಟಿ ಮುಟ್ಟಂಗಿಲ್ಲ" ಅಂತ ಅತ್ತಳು.

ಮರುದಿನ ಹಿರಿಯ ಟೀಚರೊಬ್ಬರು ಬಂದರು. ಆಟವೆಲ್ಲ ನೋಡಿ ಬರೆದುಕೊಂಡಿದ್ದರಂತೆ. "ಸೀಟಿ ಗಟ್ಟಿಯಾಗಿ ಊದಿದಿ, ಯಾರಿಗೂ ಅಂಜಲಿಲ್ಲ, ಅದು ಛಲೋ. ಗೆರೆಯ ನೇರಕ್ಕ ನಿಂತು ಕಾಲು ನೋಡವ್ವ" ಅಂದರು. ಮುಂದಿನ ಆಟಕ್ಕೂ ಬಂದು ಕೂತರು.

ಕ್ರಿಕೆಟ್ಟಿನಲ್ಲೂ ಅಂಪೈರುಗಳ ಕೆಲಸ ಗಮನಿಸಿ ವರದಿ ಕೊಡುವುದು ಮ್ಯಾಚ್ ರೆಫರಿಯ ಜವಾಬ್ದಾರಿಯಲ್ಲಿ ಸೇರಿದೆ. ೨೦೧೯ರಲ್ಲಿ ಐಸಿಸಿಯ ರೆಫರಿಗಳ ಪಟ್ಟಿಗೆ ಸೇರಿದ ಮೊದಲ ಹೆಣ್ಣುಮಗಳು ನಮ್ಮ ದೇಶದ ಜಿ.ಎಸ್. ಲಕ್ಷ್ಮಿ.

ನಾವೋ, ಸೊಸೆಯ ಜೋಳದ ರೊಟ್ಟಿ ಹರಿದರೆ ಬೀಗರ ಮುಂದೆಯೇ ಅಂದುಬಿಡುತ್ತೇವೆ. ಪಕ್ಕದಲ್ಲಿ ಕೂತು, "ದುಂಡಗ ಬಂದದ, ಎಸರು ಇನ್ನಷ್ಟು ಕುದಿಯಲಿ" ಎಂದರೆ ಸಾಕಲ್ಲವೇ?

ಈ ವರ್ಷ ದೇವದುರ್ಗದ ಆಟಕ್ಕೆ ನಮ್ಮ ಹುಡುಗಿ ತಾನೇ ಸೀಟಿ ಹುಡುಕಿಕೊಂಡು ಹೊರಟಳು.