ಸಂಗ್ರಹಯೋಗ್ಯ ಸ್ಪೋರ್ಟ್ಸ್ ಕಾರುಗಳ ಬೆಲೆ ಮತ್ತು ಮೌಲ್ಯದ ಏರಿಳಿತ

ಸಂಗ್ರಹಯೋಗ್ಯ ಸ್ಪೋರ್ಟ್ಸ್ ಕಾರುಗಳ ಮಾರುಕಟ್ಟೆ ಎಂಬುದು ದಿನನಿತ್ಯದ ಸಂಚಾರಕ್ಕಾಗಿ ಅಲ್ಲದೆ, ಅಪರೂಪತೆ, ಇತಿಹಾಸ, ವಿನ್ಯಾಸ ಅಥವಾ ಹೂಡಿಕೆಯ ದೃಷ್ಟಿಯಿಂದ ಕೊಳ್ಳಲಾಗುವ ವೇಗದ ಕಾರುಗಳ ಕ್ರಯವಿಕ್ರಯದ ಕ್ಷೇತ್ರವಾಗಿದೆ. ಅಮೆರಿಕ, ಬ್ರಿಟನ್, ಇಟಲಿ, ಜರ್ಮನಿ, ಫ್ರಾನ್ಸ್ ಮತ್ತು ಜಪಾನ್ ಈ ವ್ಯಾಪಾರದ ಮುಖ್ಯ ನೆಲೆಗಳು. ಸಾಮಾನ್ಯ ಕಾರಿನ ಬೆಲೆ ಅಂಗಡಿಯಿಂದ ಹೊರಬಂದ ದಿನವೇ ಇಳಿಯತೊಡಗುತ್ತದೆ. ಸಂಗ್ರಹಯೋಗ್ಯ ಕಾರಿನ ಬೆಲೆಯೂ ಬಹುಪಾಲು ಹಾಗೆಯೇ ಮೊದಲು ಇಳಿದು, ಹಲವು ವರ್ಷ ತಳದಲ್ಲಿ ನಿಂತು, ಅನಂತರ ಏರುತ್ತದೆ. ಏರಿದ ಬೆಲೆ ಅಲ್ಲಿಯೇ ನಿಲ್ಲುತ್ತದೆಂಬ ಖಾತರಿಯಿಲ್ಲ. ಪತ್ರಿಕೆಗಳಲ್ಲಿ ಕಾಣುವ ದಾಖಲೆ ಬೆಲೆಗಳನ್ನು ಮಾತ್ರ ಓದಿದವರಿಗೆ ಈ ಕೊನೆಯ ಸಂಗತಿ ತಿಳಿಯುವುದು ಕಷ್ಟ.

ದಾಖಲೆ ಬೆಲೆಗಳು

ಈ ಮಾರುಕಟ್ಟೆಯ ಅಳತೆಗೋಲು ಎಂದು ಪರಿಗಣಿತವಾಗಿರುವುದು ಫೆರಾರಿ 250 ಜಿಟಿಒ. ಇಟಲಿಯ ಮರನೆಲ್ಲೊದಲ್ಲಿ 1962ರಿಂದ 1964ರವರೆಗೆ ತಯಾರಾದ ಈ ಮಾದರಿಯ ಸಂಖ್ಯೆ ಸಾಮಾನ್ಯ ಲೆಕ್ಕದಂತೆ 36. ನಾಲ್ಕು ಲೀಟರ್ ಎಂಜಿನಿನ ಮೂರು ಕಾರುಗಳನ್ನು ಸೇರಿಸಿದರೆ 39. ಹೊಸದಾಗಿದ್ದಾಗ ಅಮೆರಿಕದಲ್ಲಿ ಇದರ ಬೆಲೆ ಸುಮಾರು 18,000 ಡಾಲರ್. 2014ರ ಆಗಸ್ಟಿನಲ್ಲಿ ಬಾನಮ್ಸ್ ಸಂಸ್ಥೆ ಕ್ಯಾಲಿಫೋರ್ನಿಯದಲ್ಲಿ ಒಂದು ಜಿಟಿಒವನ್ನು 3.81 ಕೋಟಿ ಡಾಲರಿಗೆ ಮಾರಿತು. 2018ರ ಆಗಸ್ಟಿನಲ್ಲಿ ಆರ್‌ಎಂ ಸದ್‌ಬೀಸ್ ಸಂಸ್ಥೆಯ ಮಾಂಟೆರೆ ಹರಾಜಿನಲ್ಲಿ 3413 ಸಂಖ್ಯೆಯ ಚಾಸಿಯ ಕಾರು 4.84 ಕೋಟಿ ಡಾಲರಿಗೆ ಹೋಯಿತು. 2023ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ, ಫೆರಾರಿಯ ಸ್ವಂತ ತಂಡವೇ ಸ್ಪರ್ಧೆಗಿಳಿಸಿದ್ದ ನಾಲ್ಕು ಲೀಟರಿನ ಕಾರೊಂದು 5.17 ಕೋಟಿ ಡಾಲರ್ ತಂದಿತು. ಹರಾಜಿನ ಹೊರಗೆ, 2018ರಲ್ಲಿ ಖಾಸಗಿಯಾಗಿ ಕೈಬದಲಾದ ಇನ್ನೊಂದು ಜಿಟಿಒದ ಬೆಲೆ 7 ಕೋಟಿ ಡಾಲರ್ ಎಂದು ವರದಿಯಾಗಿದೆ.

ಈ ಮೂರು ಹರಾಜುಗಳ ಅಂಕಿಗಳನ್ನು ಸಾಲಾಗಿ ಬರೆದರೆ ಏರುತ್ತಿರುವ ಮೆಟ್ಟಿಲುಗಳಂತೆ ಕಾಣುತ್ತದೆ. ಆದರೆ 2018ರಿಂದ 2023ರ ನಡುವೆ ಅಮೆರಿಕದಲ್ಲಿ ಗ್ರಾಹಕ ಬೆಲೆಗಳೇ ಶೇ 20ಕ್ಕೂ ಹೆಚ್ಚು ಏರಿದ್ದವು. 2018ರ 4.84 ಕೋಟಿಯನ್ನು 2023ರ ಡಾಲರಿಗೆ ಪರಿವರ್ತಿಸಿದರೆ ಅದು 5.8 ಕೋಟಿಯನ್ನು ದಾಟುತ್ತದೆ. ಅಂದರೆ ನಾಮಮಾತ್ರದಲ್ಲಿ ಹೊಸ ದಾಖಲೆಯಾದ ಮಾರಾಟ, ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಹಿಂದಿನದಕ್ಕಿಂತ ಕೆಳಗಿದೆ. ಎರಡೂ ಬೇರೆ ಬೇರೆ ಕಾರುಗಳಾದ್ದರಿಂದ ಈ ಹೋಲಿಕೆಯೂ ಪೂರ್ಣವಲ್ಲ. ಒಂದೇ ಮಾದರಿಯ ಎರಡು ಕಾರುಗಳು ಈ ಮಾರುಕಟ್ಟೆಯಲ್ಲಿ ಎಂದೂ ಒಂದೇ ವಸ್ತುವಾಗಿರುವುದಿಲ್ಲ.

ಹರಾಜಿನಲ್ಲಿ ಮಾರಾಟವಾದ ಅತ್ಯಂತ ದುಬಾರಿ ಕಾರು ಫೆರಾರಿಯಲ್ಲ. 1955ರಲ್ಲಿ ಕೇವಲ ಎರಡು ತಯಾರಾದ ಮರ್ಸಿಡಿಸ್-ಬೆಂಜ್ 300 ಎಸ್‌ಎಲ್‌ಆರ್ ಉಲೆನ್‌ಹೌಟ್ ಕೂಪೆಗಳಲ್ಲಿ ಒಂದನ್ನು ತಯಾರಕ ಸಂಸ್ಥೆಯೇ 2022ರ ಮೇ 5ರಂದು ಸ್ಟುಟ್‌ಗಾರ್ಟಿನ ತನ್ನ ವಸ್ತುಸಂಗ್ರಹಾಲಯದಲ್ಲಿ, ಆಹ್ವಾನಿತರ ಹರಾಜಿನಲ್ಲಿ 13.5 ಕೋಟಿ ಯೂರೊಗಳಿಗೆ ಮಾರಿತು. ಹಣ ವಿದ್ಯಾರ್ಥಿವೇತನ ನಿಧಿಗೆ ಸಂದಿತು. ಇದು ಮಾರುಕಟ್ಟೆಯ ಬೆಲೆಯೆನ್ನುವುದಕ್ಕಿಂತ ಒಂದು ಅಪವಾದವೆಂದು ತಿಳಿಯುವುದೇ ಸರಿ. ಎರಡನೆಯ ಕಾರು ಸಂಸ್ಥೆಯ ಬಳಿಯೇ ಇರುವುದರಿಂದ ಹೋಲಿಸಿ ನೋಡಲು ಮತ್ತೊಂದು ಮಾರಾಟವೇ ಇಲ್ಲ.

ಬೆಲೆಯನ್ನು ರೂಪಿಸುವ ಅಂಶಗಳು

ಅಪರೂಪತೆ ಮೊದಲ ಅಂಶ; ಆದರೆ ಸಂಖ್ಯೆ ಕಡಿಮೆಯಿದ್ದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಯಾರಿಗೂ ಬೇಡವಾಗಿ ಹತ್ತೇ ತಯಾರಾದ ಕಾರುಗಳೂ ಇವೆ. ಜಾಗ್ವಾರ್ ಇ-ಟೈಪ್ 72,000ಕ್ಕೂ ಹೆಚ್ಚು ತಯಾರಾಗಿತ್ತು. ಸೌಂದರ್ಯದಲ್ಲಿ ಅದನ್ನು ಮೀರಿಸುವ ಕಾರುಗಳು ವಿರಳವೆಂದು ಹೇಳುವವರು ಅನೇಕರಿದ್ದರೂ ಅದರ ಬೆಲೆ ಜಿಟಿಒದ ಹತ್ತಿರ ಸುಳಿಯದಿರಲು ಪೂರೈಕೆಯೇ ಕಾರಣ.

ಎರಡನೆಯದು ಮೂಲರೂಪ. ಕಾರ್ಖಾನೆಯಿಂದ ಹೊರಟಾಗ ಇದ್ದ ಎಂಜಿನ್, ಗೇರ್‌ಬಾಕ್ಸ್ ಮತ್ತು ಚಾಸಿಗಳು ಇಂದಿಗೂ ಜೊತೆಗಿದ್ದು, ಅವುಗಳ ಸಂಖ್ಯೆಗಳು ದಾಖಲೆಗೆ ತಾಳೆಯಾದರೆ ಬೆಲೆ ಬಹಳವಾಗಿ ಹೆಚ್ಚುತ್ತದೆ. ಸ್ಪರ್ಧೆಯ ಕಾಲದಲ್ಲಿ ಎಂಜಿನ್ ಕೆಟ್ಟರೆ ಬೇರೊಂದನ್ನು ಜೋಡಿಸಿ ಓಡಿಸುವುದು ಸಹಜವಾಗಿತ್ತು; ಆ ದಿನದ ಮೆಕ್ಯಾನಿಕ್‌ಗೆ ಮುಂದಿನ ಸಂಗ್ರಾಹಕನ ಚಿಂತೆ ಇರಲಿಲ್ಲ. 2017ರಲ್ಲಿ 4.4 ಕೋಟಿ ಡಾಲರಿಗೆ ಮಾರಾಟವಾದ ಒಂದು 250 ಜಿಟಿಒದ ಮೂಲ ಗೇರ್‌ಬಾಕ್ಸನ್ನು ತಂದುಕೊಡುವ ಹೊಣೆ ಯಾರದೆಂಬ ವ್ಯಾಜ್ಯ ಲಂಡನ್ನಿನ ಹೈಕೋರ್ಟಿನವರೆಗೆ ಹೋಗಿತ್ತು. ಕಾರು ಅದಿಲ್ಲದೆಯೂ ಓಡುತ್ತಿತ್ತು. ವ್ಯಾಜ್ಯವಿದ್ದುದು ಓಟದ ಬಗ್ಗೆಯಲ್ಲ, ಪೂರ್ಣತೆಯ ಬಗ್ಗೆ.

ಮೂರನೆಯದು ಇತಿಹಾಸ, ಅಂದರೆ ಯಾರ ಒಡೆತನದಲ್ಲಿತ್ತು, ಎಲ್ಲಿ ಸ್ಪರ್ಧಿಸಿತು ಎಂಬ ನಿರಂತರ ದಾಖಲೆ. 3413 ಸಂಖ್ಯೆಯ ಜಿಟಿಒ 1962ರಲ್ಲಿ ಇಟಲಿಯ ರಾಷ್ಟ್ರೀಯ ಜಿಟಿ ಚಾಂಪಿಯನ್‌ಷಿಪ್ ಗೆದ್ದ ಕಾರಾಗಿದ್ದುದು ಅದರ ಬೆಲೆಯ ಒಂದು ಭಾಗ. ಚಲನಚಿತ್ರದ ನಂಟು ಕೂಡ ಹಣ ತರುತ್ತದೆ. 1968ರ ‘ಬುಲಿಟ್’ ಚಿತ್ರದಲ್ಲಿ ಸ್ಟೀವ್ ಮೆಕ್‌ಕ್ವೀನ್ ಓಡಿಸಿದ, ಬಣ್ಣ ಮಾಸಿ ತುಕ್ಕುಹಿಡಿದಿದ್ದ ಫೋರ್ಡ್ ಮಸ್ಟಾಂಗ್ 2020ರ ಜನವರಿಯಲ್ಲಿ 34 ಲಕ್ಷ ಡಾಲರಿನ ಕೂಗಿಗೆ ಮಾರಾಟವಾಯಿತು. ಅದೇ ವರ್ಷದ, ಹೊಳೆಯುವ ಬಣ್ಣದ ಸಾಮಾನ್ಯ ಮಸ್ಟಾಂಗಿನ ಬೆಲೆ ಇದರ ಸಣ್ಣದೊಂದು ಅಂಶ.

ಸ್ಥಿತಿಯ ವಿಚಾರದಲ್ಲಿ ಅಭಿರುಚಿ ಬದಲಾಗಿದೆ. ಹಿಂದೆ ಹಳೆಯ ಕಾರನ್ನು ಕಳಚಿ, ಹೊಸತಕ್ಕಿಂತ ಹೊಸತಾಗಿ ಮಾಡುವುದೇ ಶ್ರೇಷ್ಠವೆನಿಸಿತ್ತು. ಈಗ ಮೂಲ ಬಣ್ಣ, ಮೂಲ ಚರ್ಮದ ಆಸನಗಳನ್ನು ಉಳಿಸಿಕೊಂಡ ಕಾರಿಗೆ ಹೆಚ್ಚಿನ ಮನ್ನಣೆಯಿದೆ. 2015ರ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿ ಆರ್ಟ್‌ಕ್ಯೂರಿಯಲ್ ಸಂಸ್ಥೆ ಬಾಯೋಂ ಸಂಗ್ರಹವೆಂಬ, ದಶಕಗಳ ಕಾಲ ಕೊಟ್ಟಿಗೆಗಳಲ್ಲಿ ಬಿದ್ದಿದ್ದ ಕಾರುಗಳನ್ನು ಧೂಳು ಒರೆಸದೆ ಹರಾಜಿಗಿಟ್ಟಿತು. ಅವುಗಳಲ್ಲಿ ನಟ ಅಲೇನ್ ಡೆಲಾನ್ ಒಡೆತನದಲ್ಲಿದ್ದ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯ ಸ್ಪೈಡರ್ 1.6 ಕೋಟಿ ಯೂರೊಗಳನ್ನು ದಾಟಿತು. ಧೂಳಿಗೂ ಬೆಲೆ ಕಟ್ಟಿದ ಸಂದರ್ಭವಿದು. ಆದರೆ ಸಾಧಾರಣ ಕಾರಿಗೆ ಈ ನಿಯಮ ಅನ್ವಯಿಸದು. ಜೀರ್ಣೋದ್ಧಾರದ ವೆಚ್ಚ ಕಾರಿನ ಬೆಲೆಯನ್ನೇ ಮೀರಿ ‘ಮೂಗಿಗಿಂತ ಮೂಗುತಿ ಭಾರ’ ಆಗುವುದು ಸಾಮಾನ್ಯ ಅನುಭವ.

ನಕಲಿಗಳ ಸಮಸ್ಯೆ ಈ ಅಂಶಗಳ ನೆರಳಿನಂತೆ ಹಿಂಬಾಲಿಸುತ್ತದೆ. 1973ರ ಪೋರ್ಷೆ 911 ಕರೆರಾ ಆರ್‌ಎಸ್ 2.7 ಒಟ್ಟು 1,580 ತಯಾರಾಗಿದ್ದು, ಅವುಗಳಲ್ಲಿ ಸುಮಾರು 200 ಮಾತ್ರ ಹಗುರ ಮಾದರಿಯವು. ಸಾಮಾನ್ಯ 911ರ ಒಡಲಿನ ಮೇಲೆ ಆರ್‌ಎಸ್‌ನ ಹೊರರೂಪ ತೊಡಿಸುವುದು ಕಷ್ಟದ ಕೆಲಸವಲ್ಲ. ಆದ್ದರಿಂದಲೇ ಕಾರ್ಖಾನೆಯ ಪ್ರಮಾಣಪತ್ರ, ಹಳೆಯ ಬಿಲ್ಲುಗಳು, ನೋಂದಣಿ ಪುಸ್ತಕಗಳ ಕಟ್ಟು ಕಾರಿನಷ್ಟೇ ಮುಖ್ಯವಾಗುತ್ತದೆ.

ಬೆಲೆ ಎಂಬ ಪದದ ಹಲವು ಅರ್ಥಗಳು

ಒಂದೇ ಕಾರಿಗೆ ಒಂದೇ ದಿನ ಹಲವು ಬೆಲೆಗಳಿರುತ್ತವೆ. ಮಾರಾಟಗಾರ ಕೇಳುವ ಬೆಲೆ, ವಿಮೆಗಾಗಿ ಒಪ್ಪಿದ ಮೌಲ್ಯ, ಹರಾಜುಗಾರರ ಅಂದಾಜು, ಸುತ್ತಿಗೆ ಬಿದ್ದಾಗಿನ ಬೆಲೆ, ಅದಕ್ಕೆ ಕೊಳ್ಳುವವನ ಶುಲ್ಕ ಸೇರಿದ ಬೆಲೆ: ಇವೆಲ್ಲ ಬೇರೆ ಬೇರೆ. ಅಮೆರಿಕದ ಕಾರು ಹರಾಜುಗಳಲ್ಲಿ ಕೊಳ್ಳುವವನ ಶುಲ್ಕ ಸಾಮಾನ್ಯವಾಗಿ ಶೇ 10ರ ಆಸುಪಾಸಿನಲ್ಲಿರುತ್ತದೆ. ಮಾರುವವನು ತೆರುವ ಕಮಿಷನ್ ಅದಕ್ಕೆ ಹೊರತು. ಪತ್ರಿಕೆಗಳು ಶುಲ್ಕ ಸೇರಿದ ಅಂಕಿಯನ್ನು ಪ್ರಕಟಿಸುವುದರಿಂದ, ಕಾರು ಕೊಟ್ಟವನ ಕೈಗೆ ಬಂದ ಹಣ ಅದಕ್ಕಿಂತ ಸಾಕಷ್ಟು ಕಡಿಮೆ.

ಮಾರುವವನು ಗುಟ್ಟಾಗಿ ನಿಗದಿಪಡಿಸುವ ಕನಿಷ್ಠ ಬೆಲೆ ತಲುಪದಿದ್ದರೆ ಕಾರು ಮಾರಾಟವಾಗುವುದಿಲ್ಲ. ಇದಕ್ಕೆ ಪ್ರಸಿದ್ಧ ನಿದರ್ಶನ 2019ರ ಮಾಂಟೆರೆ ಹರಾಜಿನದು. 1939ರ ಪೋರ್ಷೆ ಟೈಪ್ 64 ಕಾರಿಗೆ ಹರಾಜುಗಾರ ಕೂಗಿದ ಮೊತ್ತ ಕಿವಿಗೆ ತಪ್ಪಾಗಿ ಬಿದ್ದು, 1.7 ಕೋಟಿ ಡಾಲರಿನ ಜಾಗದಲ್ಲಿ ಪರದೆಯ ಮೇಲೆ 7 ಕೋಟಿ ಮೂಡಿತು. ಇಂಗ್ಲಿಷಿನಲ್ಲಿ ಹದಿನೇಳು ಮತ್ತು ಎಪ್ಪತ್ತು ಎಂಬ ಪದಗಳು ಒಂದನ್ನೊಂದು ಹೋಲುವುದೇ ಕಾರಣ. ಸಭೆ ಹರ್ಷೋದ್ಗಾರ ಮಾಡಿತು, ತಪ್ಪು ತಿದ್ದಲ್ಪಟ್ಟಿತು, ಕಾರು ಮಾರಾಟವಾಗಲಿಲ್ಲ. ಹೀಗೆ ಮಾರಾಟವಾಗದೆ ಉಳಿದ ಕಾರುಗಳು ಸರಾಸರಿ ಬೆಲೆಯ ಲೆಕ್ಕದಲ್ಲಿ ಸೇರುವುದಿಲ್ಲ. ಬೇಡಿಕೆ ಕುಗ್ಗಿದಾಗ ದುರ್ಬಲ ಕಾರುಗಳು ಮಾರಾಟವಾಗದೆ ಹಿಂದಿರುಗುತ್ತವೆ, ಉತ್ತಮವಾದವು ಮಾತ್ರ ಮಾರಾಟವಾಗುತ್ತವೆ, ಸರಾಸರಿ ಸ್ಥಿರವಾಗಿದ್ದಂತೆ ತೋರುತ್ತದೆ. ಆದುದರಿಂದ ಬೆಲೆಯ ಜೊತೆಗೆ ಹರಾಜಿಗೆ ಬಂದ ನೂರು ಕಾರುಗಳಲ್ಲಿ ಎಷ್ಟು ಮಾರಾಟವಾದವು ಎಂಬುದನ್ನೂ ನೋಡಬೇಕು.

ಬೆಲೆಯ ಗತಿಯನ್ನು ಅಳೆಯಲು ಲಂಡನ್ನಿನ ಹ್ಯಾಗಿ ಸೂಚ್ಯಂಕಗಳೂ, ಅಮೆರಿಕದ ವಿಮಾ ಸಂಸ್ಥೆ ಹ್ಯಾಗರ್ಟಿಯ ಬೆಲೆಪಟ್ಟಿಯೂ ಬಳಕೆಯಲ್ಲಿವೆ. ಹ್ಯಾಗರ್ಟಿ ಕಾರುಗಳನ್ನು ಪ್ರದರ್ಶನಯೋಗ್ಯ, ಅತ್ಯುತ್ತಮ, ಉತ್ತಮ, ಸಾಧಾರಣ ಎಂಬ ನಾಲ್ಕು ದರ್ಜೆಗಳಲ್ಲಿಡುತ್ತದೆ. ತನ್ನ ಕಾರನ್ನು ಮೂರನೆಯ ದರ್ಜೆಗಿಳಿಸಿ ನೋಡುವ ಮಾಲೀಕ ಅಪರೂಪವೇ ಸರಿ.

1980ರ ದಶಕದ ಗುಳ್ಳೆ

1980ರ ದಶಕದ ಕೊನೆಯಲ್ಲಿ ಜಪಾನಿನ ಷೇರು ಮತ್ತು ಭೂಮಿಯ ಬೆಲೆಗಳು ಉಬ್ಬಿದ್ದವು. ಸಾಲ ಸುಲಭವಾಗಿ ಸಿಗುತ್ತಿತ್ತು. 1988ರ ಆಗಸ್ಟ್ 14ರಂದು ಎಂಜೊ ಫೆರಾರಿ ನಿಧನರಾದ ಮೇಲೆ ಆ ಹೆಸರಿನ ಕಾರುಗಳ ಬೆಲೆ ಮತ್ತಷ್ಟು ನೆಗೆಯಿತು. 1987ರಲ್ಲಿ ಹೊರಬಂದ ಫೆರಾರಿ ಎಫ್40 ಪಡೆಯಲು ಹೆಸರು ಬರೆಸಿದವರು, ತಮ್ಮ ಸರದಿಯನ್ನೇ ಲಾಭಕ್ಕೆ ಮಾರುತ್ತಿದ್ದರು. ಒಂದು 250 ಜಿಟಿಒ 1.3 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾದ ವರದಿ 1989ರದು. ಅದೇ ವರ್ಷದ ಕೊನೆಗೆ ಟೋಕಿಯೊ ಷೇರುಪೇಟೆಯ ನಿಕ್ಕೀ ಸೂಚ್ಯಂಕ 38,915ರ ಶಿಖರ ಮುಟ್ಟಿ ಕುಸಿಯತೊಡಗಿತು. ಕಾರುಗಳೂ ಅದನ್ನು ಅನುಸರಿಸಿದವು. 1990ರ ದಶಕದ ಮಧ್ಯದ ಹೊತ್ತಿಗೆ ಜಿಟಿಒದ ಬೆಲೆ 40 ಲಕ್ಷ ಡಾಲರಿಗಿಂತ ಕೆಳಗಿಳಿದಿತ್ತು. ಶಿಖರದಲ್ಲಿ ಕೊಂಡವರು ಅಸಲನ್ನು ಮತ್ತೆ ಕಾಣಲು ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಸಾಲ ಮಾಡಿ ಕೊಂಡವರಿಗೆ ಕಾಯುವ ಅವಕಾಶವೇ ಇರಲಿಲ್ಲ. ಈಗಲೂ ಗರಿಷ್ಠ ಬೆಲೆಯ ಸುದ್ದಿ ಓದಿ ಮಾರುಕಟ್ಟೆಗೆ ಇಳಿಯುವವರ ಮುಂದಿರುವ ಅಪಾಯ ಇದೇ.

ತಲೆಮಾರಿನ ಬದಲಾವಣೆ

ಮನುಷ್ಯ ಹದಿಹರೆಯದಲ್ಲಿ ಬಯಸಿದ್ದನ್ನು ಹಣ ಕೂಡಿದ ಮೇಲೆ ಕೊಳ್ಳುತ್ತಾನೆ ಎಂಬುದು ಈ ವ್ಯಾಪಾರದವರ ಹಳೆಯ ನಂಬಿಕೆ. ಅದಕ್ಕೆ ಆಧಾರವೂ ಇದೆ. 1950 ಮತ್ತು 60ರ ದಶಕಗಳ ಸಾಧಾರಣ ಮಾದರಿಗಳಿಗೆ ಬೇಡಿಕೆ ತಗ್ಗಿ, 1980ರಿಂದ 2000ದ ಈಚಿನವರೆಗಿನ ಕಾರುಗಳತ್ತ ಹಣ ಹರಿಯುತ್ತಿದೆ. ಒಟ್ಟು 106 ಮಾತ್ರ ತಯಾರಾದ ಮೆಕ್‌ಲಾರೆನ್ ಎಫ್1ರ ಮೂಲ ಬೆಲೆ 5,40,000 ಪೌಂಡ್. ನಾನೂರು ಕಿಲೋಮೀಟರ್ ಕೂಡ ಓಡದ ಒಂದು ಎಫ್1, 2021ರಲ್ಲಿ ಪೆಬಲ್ ಬೀಚಿನಲ್ಲಿ 2.04 ಕೋಟಿ ಡಾಲರ್ ಪಡೆಯಿತು. 1,311 ತಯಾರಾದ ಎಫ್40ಗಿಂತ ಬಹುಕಾಲ ಕೀಳೆಂದು ಎಣಿಸಲಾಗಿದ್ದ, 349 ಮಾತ್ರ ತಯಾರಾದ ಎಫ್50 ಈಗ ಅದನ್ನು ಹಿಂದಿಕ್ಕಿದೆ. 1998ರಲ್ಲಿ ಕೊನೆಗೊಂಡ, ಗಾಳಿಯಿಂದ ತಂಪಾಗುವ ಎಂಜಿನಿನ ಪೋರ್ಷೆ 911ಗಳದ್ದೂ, ಕೈಯಿಂದ ಗೇರ್ ಬದಲಿಸುವ ಕೊನೆಯ ಫೆರಾರಿಗಳದ್ದೂ ಇದೇ ಕಥೆ. ತಂತ್ರಜ್ಞಾನವು ಒಂದನ್ನು ಕೈಬಿಟ್ಟ ಮೇಲೆಯೇ ಜನ ಅದನ್ನು ಹುಡುಕಲು ಹೊರಡುತ್ತಾರೆ.

ಕಾನೂನಿನ ಪಾತ್ರವೂ ಸಣ್ಣದಲ್ಲ. ಅಮೆರಿಕದಲ್ಲಿ 25 ವರ್ಷ ತುಂಬಿದ ವಿದೇಶಿ ಕಾರು ಅಲ್ಲಿನ ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ ಪಡೆಯುತ್ತದೆ. 1989ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ 2014ರಲ್ಲಿಯೂ, 1999ರ ಆರ್34 ಮಾದರಿ 2024ರಲ್ಲಿಯೂ ಈ ಗಡಿ ದಾಟಿದವು. ಜಪಾನಿನಲ್ಲಿ ಅವುಗಳ ಬೆಲೆ ಅದಕ್ಕೆ ಮೊದಲೇ ಏರತೊಡಗಿತ್ತು. ತೆರಿಗೆಯ ವಿಷಯಕ್ಕೆ ಬಂದರೆ, ಬ್ರಿಟನ್ನಿನಲ್ಲಿ ಖಾಸಗಿ ಕಾರನ್ನು ಸವೆಯುವ ಆಸ್ತಿಯೆಂದು ಪರಿಗಣಿಸುವುದರಿಂದ ಅದರ ಮಾರಾಟದ ಲಾಭಕ್ಕೆ ಬಂಡವಾಳ ತೆರಿಗೆಯಿಲ್ಲ. ಅಮೆರಿಕದಲ್ಲಿ ಸಂಗ್ರಹವಸ್ತುಗಳ ದೀರ್ಘಾವಧಿ ಲಾಭಕ್ಕೆ ಶೇ 28ರವರೆಗೆ ಕೇಂದ್ರ ತೆರಿಗೆಯಿದೆ.

ಇತ್ತೀಚಿನ ಸ್ಥಿತಿ

ಕೋವಿಡ್ ಕಾಲದ ಅಗ್ಗದ ಬಡ್ಡಿ ಮತ್ತು ಅಂತರಜಾಲದ ಹರಾಜುಗಳು ಸೇರಿ 2021 ಮತ್ತು 2022ರಲ್ಲಿ ಬೆಲೆಗಳನ್ನು ಮೇಲೆತ್ತಿದವು. ಪ್ರತಿ ಆಗಸ್ಟಿನಲ್ಲಿ ನಡೆಯುವ ಮಾಂಟೆರೆ ಹರಾಜುಗಳ ಒಟ್ಟು ವಹಿವಾಟು 2022ರಲ್ಲಿ ಸುಮಾರು 47 ಕೋಟಿ ಡಾಲರ್ ತಲುಪಿತು. ಬಡ್ಡಿದರ ಏರಿದ ಮೇಲೆ 2023ರಲ್ಲಿ ಅದು ಸುಮಾರು 40 ಕೋಟಿಗಿಳಿದು, 2024ರಲ್ಲಿ ಇನ್ನೂ ಸ್ವಲ್ಪ ತಗ್ಗಿತು. 2025ರಲ್ಲಿ ಚೇತರಿಕೆ ಕಂಡರೂ ಆ ವಾರದ ಅತಿ ದೊಡ್ಡ ಮಾರಾಟ ಹಳೆಯ ಕಾರಿನದಾಗಿರಲಿಲ್ಲ. ದತ್ತಿ ಕಾರ್ಯಕ್ಕಾಗಿ ಫೆರಾರಿ ವಿಶೇಷವಾಗಿ ತಯಾರಿಸಿದ ಹೊಚ್ಚಹೊಸ ಡೇಟೋನ ಎಸ್‌ಪಿ3 ಅಲ್ಲಿ 2.6 ಕೋಟಿ ಡಾಲರಿಗೆ ಮಾರಾಟವಾಯಿತು. ದತ್ತಿಯ ಉದ್ದೇಶದ ಕೂಗನ್ನು ಮಾರುಕಟ್ಟೆಯ ಬೆಲೆಯೊಡನೆ ಬೆರೆಸಬಾರದು.

ಲಾಭದ ಲೆಕ್ಕ ಹಾಕುವಾಗ ವಿಮೆ, ತೇವವಿಲ್ಲದ ಶೇಖರಣಾ ಸ್ಥಳ, ಸಾಗಣೆ ಮತ್ತು ದುರಸ್ತಿಯ ವೆಚ್ಚಗಳನ್ನು ಕಳೆಯುವವರು ಕಡಿಮೆ. ಫೆರಾರಿ ಟೆಸ್ಟರೋಸಾದಂತಹ ಕಾರಿನಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಬೇಕಾದರೆ ಎಂಜಿನನ್ನೇ ಹೊರತೆಗೆಯಬೇಕು. ಷೇರು ಲಾಭಾಂಶ ಕೊಡುತ್ತದೆ, ಮನೆ ಬಾಡಿಗೆ ತರುತ್ತದೆ; ನಿಂತ ಕಾರು ಕೇಳುತ್ತಲೇ ಇರುತ್ತದೆ. ಓಡಿಸಿದರೆ ಮೈಲಿ ಏರಿ ಬೆಲೆ ಇಳಿಯುವ ಭಯ, ಓಡಿಸದಿದ್ದರೆ ರಬ್ಬರು ಮತ್ತು ಸೀಲುಗಳು ಒಣಗುವ ಭಯ.

ಭಾರತದಲ್ಲಿ

ಬಳಸಿದ ಕಾರುಗಳ ಆಮದಿನ ಮೇಲೆ ಕಟ್ಟುನಿಟ್ಟಿನ ನಿರ್ಬಂಧ ಹಾಗೂ ಭಾರಿ ಸುಂಕ ಇರುವುದರಿಂದ ಭಾರತವು ಈ ಜಾಗತಿಕ ವ್ಯಾಪಾರದ ಅಂಚಿನಲ್ಲಿದೆ. ಇಲ್ಲಿ ಸಂಗ್ರಹವಾಗಿರುವವು ಹೆಚ್ಚಾಗಿ ಸಂಸ್ಥಾನಗಳ ಕಾಲದ ರಾಜಮನೆತನದ ಕಾರುಗಳು ಮತ್ತು ಬ್ರಿಟಿಷರ ಕಾಲದಲ್ಲಿ ಬಂದು ಉಳಿದವು. ಕರ್ನಾಟಕದಲ್ಲಿ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳು ಹೆಸರುವಾಸಿಯಾಗಿದ್ದರೂ ಅವು ಮಾರಾಟದ ದೃಷ್ಟಿಯಿಂದ ಕೂಡಿಸಿದವಲ್ಲ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು 50 ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಗಳಿಗೆ ಪ್ರತ್ಯೇಕ ನೋಂದಣಿ ವ್ಯವಸ್ಥೆಯನ್ನು ತಂದಿತು. ಇದರಂತೆ ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವಿದ್ದು, ನೋಂದಣಿ 10 ವರ್ಷ ಊರ್ಜಿತವಾಗಿರುತ್ತದೆ. ಇಂತಹ ವಾಹನವನ್ನು ನಿತ್ಯದ ಬಳಕೆಗಾಗಲಿ ವಾಣಿಜ್ಯ ಉದ್ದೇಶಕ್ಕಾಗಲಿ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ಹಳೆಯ ಕಾರುಗಳ ರ‍್ಯಾಲಿ, ಇಂಧನ ತುಂಬಿಸುವುದು ಮತ್ತು ದುರಸ್ತಿಗೆ ಮಾತ್ರ ಅವಕಾಶವಿದೆ.