ಮಂಕಾದ ಮರಿಗೆ ಮೊದಲು ಶಾಖ



ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಯಾವ ಹಳ್ಳಿಗೆ ಮನೆಭೇಟಿಗೆ ಹೋದರೂ, ಜಗಲಿಯ ಮೇಲೆ ನಮಗಿಂತ ಮೊದಲೇ ಒಂದು ಕೋಳಿ ತನ್ನ ಮರಿಗಳೊಂದಿಗೆ ಕೂತಿರುತ್ತದೆ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದ ವರ್ಷ ಮಕ್ಕಳ ನೋಟ್‌ಬುಕ್ಕಿಗೆ, ಬಸ್ ಚಾರ್ಜಿಗೆ ಕಾಸು ಹುಟ್ಟಿಸುವುದು ಈ ನಾಟಿಕೋಳಿಯೇ. ಹೀಗಿರುವಾಗ ಒಂದು ಮರಿ ರೆಕ್ಕೆ ಜೋತುಬಿಟ್ಟು, ಕಣ್ಣು ಮುಚ್ಚಿ ಮೂಲೆಯಲ್ಲಿ ನಿಂತರೆ ಮನೆಯಾಕೆಗೆ ಆಗುವ ಕಳವಳವನ್ನು ‘ಒಂದು ಮರಿ ತಾನೆ’ ಎಂದು ನಾವು ತಳ್ಳಿಹಾಕುವಂತಿಲ್ಲ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಅಂಗಡಿಯಿಂದ ಯಾವುದೋ ಮಾತ್ರೆ ತರಿಸಿ, ಅರೆದು ಬಾಯಿಗೆ ಸುರಿಯುತ್ತಾರೆ. ಮರಿಯ ಶ್ವಾಸನಾಳದ ಬಾಯಿ ಇರುವುದು ನಾಲಿಗೆಯ ಬುಡದಲ್ಲೇ. ಸುರಿದದ್ದು ಅಲ್ಲಿಗೆ ಇಳಿದರೆ ರೋಗಕ್ಕಿಂತ ಮೊದಲು ಚಿಕಿತ್ಸೆಯೇ ಅದನ್ನು ಕೊಲ್ಲುತ್ತದೆ. ಮೊದಲು ಶಾಖ ಕೊಡಿ, ಮಿಕ್ಕದ್ದೆಲ್ಲ ಆಮೇಲೆ.

ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಶಾಖ ಬೇಕು. ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಗರಿ ಬರುವವರೆಗೆ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ತಾಯಿಕೋಳಿ ರೆಕ್ಕೆ ಹರಡುವುದು ಅದಕ್ಕೇ. ಜೆರುಸಲೇಮಿಗಾಗಿ ಮರುಗಿದಾಗ ಯೇಸುಸ್ವಾಮಿ ನೆನೆದದ್ದೂ ಆ ರೆಕ್ಕೆಯನ್ನೇ (ಲೂಕ 13:34). ಜಾತ್ರೆಯಲ್ಲಿ ಮಕ್ಕಳು ಹಟಮಾಡಿ ಕೊಳ್ಳುವ ಗುಲಾಬಿ, ಹಸಿರು ಬಣ್ಣದ ಮರಿಗಳಿಗೆ ಆ ಭಾಗ್ಯವಿಲ್ಲ. ಅವು ಹೆಚ್ಚಾಗಿ ಮೊಟ್ಟೆಕೋಳಿ ತಳಿಯ ಹುಂಜಮರಿಗಳು, ಹ್ಯಾಚರಿಗೆ ಬೇಡವಾದವು. ಎರಡು ಮೂರು ದಿನದಲ್ಲೇ ಅವು ಸಾಯುವುದಕ್ಕೆ ಚಳಿಯೂ ಒಂದು ಕಾರಣ.

ಕಾಯಿಲೆಯ ಮರಿಯನ್ನು ಉಳಿದವುಗಳಿಂದ ಬೇರೆ ಮಾಡಿ ರಟ್ಟಿನ ಡಬ್ಬದಲ್ಲಿ ಹಳೆ ಪಂಚೆ ಹಾಸಿ ಇಡಿ. ಒಂದು ಬದಿಗೆ ಮಾತ್ರ 40 ವ್ಯಾಟಿನ ಹಳೆ ಕಾಲದ ಬಲ್ಬು ಇಳಿಬಿಡಿ. ಈಗ ಮನೆಮನೆಯಲ್ಲಿರುವ ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆಯೇ ಹೊರತು ಶಾಖ ಸಾಲದು. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮರಿ ಬಾಯಿ ತೆರೆದು ಏದುಸಿರು ಬಿಟ್ಟರೆ ಶಾಖ ಹೆಚ್ಚಾಯಿತೆಂದು ತಿಳಿಯಿರಿ. ಚಾಕಿ ಹುಳು ಸಾಕಿದ ಹಿಂದೂಪುರದ ರೇಷ್ಮೆ ಮನೆಗಳವರಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ.

ಮೈ ಬೆಚ್ಚಗಾದ ಮೇಲೆ, ಚೂರು ಬೆಲ್ಲ ಕರಗಿಸಿದ ನೀರಿಗೆ ಕೊಕ್ಕಿನ ತುದಿ ಅದ್ದಿಸಿ, ತಾನೇ ನುಂಗಲಿ. ಆಮೇಲೆ ನುಣ್ಣಗಿನ ನುಚ್ಚು, ಬೇಯಿಸಿದ ಮೊಟ್ಟೆಯ ಹಳದಿ. ಹಿಂಬದಿಯಲ್ಲಿ ಹಿಕ್ಕೆ ಅಂಟಿ ಒಣಗಿದ್ದರೆ ಬೆಚ್ಚನೆ ನೀರಿನಲ್ಲಿ ನೆನೆಸಿ ಬಿಡಿಸಿ, ಎಳೆಯಬೇಡಿ. ಹಿಕ್ಕೆಯಲ್ಲಿ ರಕ್ತ ಕಂಡರೆ ಮಾತ್ರ ಕಾಯದೆ ಪಶುವೈದ್ಯರ ಬಳಿ ಹೋಗಿ.

ಕಡಲೆಕಾಯಿ ಸೀಮೆಯವರಿಗೆ ವಿಶೇಷವಾಗಿ ಒಂದು ಮಾತು. ಬೂಷ್ಟು ಹಿಡಿದ ಕಡಲೆಬೀಜ, ಹಿಂಡಿ ‘ಹಾಳಾಗುವುದೇಕೆ’ ಎಂದು ಕೋಳಿಗೆ ಸುರಿಯುವ ರೂಢಿ ಇದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಇದ್ದಕ್ಕಿದ್ದಂತೆ ಸತ್ತವು. ಕಾರಣ ತಿಳಿಯದೆ ಅದಕ್ಕೆ ‘ಎಕ್ಸ್’ ರೋಗವೆಂದು ಹೆಸರಿಟ್ಟರು. ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ. ಅದರ ಬೂಷ್ಟಿನಲ್ಲಿತ್ತು ಅಫ್ಲಾಟಾಕ್ಸಿನ್ ಎಂಬ ವಿಷ. ಈಲಿಯನ್ನು ಕೆಡಿಸುವ ಈ ವಿಷ ಬೇಯಿಸಿದರೂ ಪೂರ್ತಿ ಹೋಗದು. ಅಂಥ ಬೀಜವನ್ನು ಮರಿಗೂ ಹಾಕಬೇಡಿ, ನೀವೂ ತಿನ್ನಬೇಡಿ.

ಹಸಿರು ಭೇದಿ, ತಿರುಚಿದ ಕುತ್ತಿಗೆ, ಒಂದರ ಹಿಂದೆ ಒಂದು ಸಾವು ಕಂಡರೆ ಅದು ಕೊಕ್ಕರೆ ರೋಗವಿರಬಹುದು. ಪಕ್ಕದ ತೆಲುಗು ಮನೆಯವರು ‘ಕೊಕ್ಕೆರ ತೆಗುಲು’ ಎನ್ನುತ್ತಾರೆ. ರೋಗಕ್ಕೆ ಭಾಷೆಯ ಗಡಿಯಿಲ್ಲ. ವೈರಸ್ಸಿನ ಈ ರೋಗ ಬಂದ ಮೇಲೆ ಔಷಧವಿಲ್ಲ, ಬರುವ ಮುನ್ನ ಲಸಿಕೆ ಇದೆ: ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ. ಒಂದು ಸೀಸೆ ನೂರಾರು ಮರಿಗೆ ಆಗುತ್ತದೆ, ಕಲಸಿದ ಮೇಲೆ ಆ ಹೊತ್ತಿಗೇ ಮುಗಿಸಬೇಕು. ಹತ್ತು ಮನೆಯವರು ಭಾನುವಾರ ಪೂಜೆ ಮುಗಿಸಿ ಒಟ್ಟಾಗಿ ಮಾತಾಡಿಕೊಂಡರೆ ಕೆಲಸ ಸುಲಭ.

2025ರ ಆರಂಭದಲ್ಲಿ ಗೋದಾವರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿದ್ದು ನಿಮಗೆ ನೆನಪಿರಬೇಕು. ಕೋಳಿಗಳು ಸಾಲಾಗಿ ಸತ್ತರೆ ಕೊಯ್ದು ತಿನ್ನಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಮಕ್ಕಳು ಕಾಯಿಲೆಯ ಮರಿಗೆ ಮುತ್ತಿಡುವುದು ಬೇಡ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಿ.

ಎಲ್ಲ ಪ್ರಯತ್ನದ ನಂತರವೂ ಕೆಲವು ಮರಿ ಉಳಿಯುವುದಿಲ್ಲ. ಮಗು ಅತ್ತರೆ ಅಳಲಿ ಬಿಡಿ, ನಗಬೇಡಿ. ಉಳಿದು ಚುರುಕಾದ ಮರಿಯನ್ನು ಹಗಲಲ್ಲಿ ಗುಂಪಿಗೆ ಬಿಟ್ಟರೆ ತಾಯಿಯೇ ಕುಕ್ಕಬಹುದು. ಕತ್ತಲಾದ ಮೇಲೆ ಮೆಲ್ಲನೆ ಅದರ ರೆಕ್ಕೆಯ ಅಡಿಗೆ ಸರಿಸಿ. ಬೆಳಗಾಗುವಷ್ಟರಲ್ಲಿ ಲೆಕ್ಕಕ್ಕೆ ಸೇರಿರುತ್ತದೆ.